ವಿಚೆಂಜಾಳ ಮನೆಗೆ ಮೊದಲ ಪಾತ್ರೆ

ಅನಿಯೆಲ್ಲೊ ಹೋದ ಸುದ್ದಿ ಬಂದಾಗ ನಾನು ಒಲೆಯ ಮುಂದೆ ನಿಂತು ಈರುಳ್ಳಿ ಬಾಡಿಸುತ್ತಿದ್ದೆ. ಬೆಳಿಗ್ಗೆ ತನ್ನ ಪಾಸ್ತಾ ಕಾರ್ಖಾನೆಯಲ್ಲಿ ರವೆಯ ಮೂಟೆಗೆ ಬೆನ್ನು ಕೊಟ್ಟು ಕೂತ ಮನುಷ್ಯ ಮತ್ತೆ ಏಳಲೇ ಇಲ್ಲವಂತೆ. ಒಲೆ ಆರಿಸಿದೆ, ಕುರ್ಚಿ ಎಳೆದುಕೊಂಡು ಕೂತು ಮನಸಾರೆ ಅತ್ತುಬಿಟ್ಟೆ. ಅಳು ಮುಗಿಯುವಷ್ಟರಲ್ಲಿ ಒಂದು ಭಯ ಎದೆಗೆ ಹೊಕ್ಕಿತ್ತು. ನಾಳೆ ಅವನ ಹೆಂಡತಿ ವಿಚೆಂಜಾಳ ಮನೆಗೆ ಮೊದಲ ಪಾತ್ರೆ ಒಯ್ಯಬೇಕಾದವಳು ನಾನು. ವಿಚೆಂಜಾ ನನ್ನ ಜೊತೆ ಮಾತು ಬಿಟ್ಟು ಮೂರು ಈಸ್ಟರ್ ಕಳೆದಿದ್ದವು.

ಸಾವಾದ ಮನೆಯಲ್ಲಿ ನಾವು ಒಲೆ ಹಚ್ಚುವುದಿಲ್ಲ. ಮಣ್ಣು ಮಾಡಿ ಬಂದ ಮೇಲೆ ಊಟ ಹೊರಗಿನಿಂದ ಬರಬೇಕು. ನೆಂಟರು, ನೆರೆಯವರು ಸರದಿಯ ಮೇಲೆ ತರುತ್ತಾರೆ. ಮೊದಲ ಪಾತ್ರೆ ಮಾತ್ರ ಕುಮ್ಮಾಳದ್ದು, ಅಂದರೆ ಆ ಮನೆಯ ಮಗುವಿನ ಧರ್ಮತಾಯಿಯದ್ದು. ವಿಚೆಂಜಾಳ ಮಗಳು ಎರ್ಸಿಲಿಯಾಳನ್ನು ಜ್ಞಾನಸ್ನಾನದ ದಿನ ತೋಳಲ್ಲಿ ಹಿಡಿದು ನಿಂತವಳು ನಾನು. ಅಂದಿನಿಂದ ನಾನು ವಿಚೆಂಜಾಳಿಗೆ ಕುಮ್ಮಾ, ಅವಳು ನನಗೆ ಕುಮ್ಮಾ, ಎರ್ಸಿಲಿಯಾ ಕೂಡ ನನ್ನನ್ನು ಹಾಗೇ ಕರೆಯುತ್ತಾಳೆ. ಒಡಹುಟ್ಟಿದವಳ ಜೊತೆ ಜಗಳವಾಡಿ ಮರುದಿನ ರಾಜಿಯಾಗಬಹುದು, ಕುಮ್ಮಾ ಜೊತೆ ಹಾಗಲ್ಲ. ಆ ನಂಟು ದೇವರ ಮುಂದೆ ಕಟ್ಟಿದ್ದು. ನಾನು ಪಾತ್ರೆ ಒಯ್ಯದಿದ್ದರೆ ಆ ನಂಟು ಅಲ್ಲಿಗೆ ಮುಗಿಯಿತು. ಒಯ್ದ ಪಾತ್ರೆಯನ್ನು ಅವಳು ಬಾಗಿಲಿನಿಂದಲೇ ತಿರುಗಿ ಕಳಿಸಿದರೂ ಮುಗಿಯಿತು, ಅದೂ ಇಡೀ ಓಣಿಯ ಕಣ್ಣೆದುರಿಗೆ.

ಜಗಳ ಯಾತಕ್ಕೆ ಎಂದರೆ ಪಾಸ್ತಾಕ್ಕೆ. ಬೇರೆ ಊರಿನವರು ನಗುತ್ತಾರೆ, ನಗಲಿ. ಬೆಟ್ಟದಿಂದ ಇಳಿಯುವ ಗಾಳಿ, ಸಮುದ್ರದಿಂದ ಏರುವ ಗಾಳಿ ಎರಡೂ ಪಾಸ್ತಾ ಒಣಗಿಸುವುದಕ್ಕೆಂದೇ ಬೀಸುತ್ತವೆ ಎಂದು ನಂಬಿದ ಜನ ನಾವು. ಅನಿಯೆಲ್ಲೊನ ಅಪ್ಪನ ಕಾಲದಲ್ಲಿ ಅವರ ತುಬೆತ್ತಿ, ಅಂದರೆ ಸಾರಿಗೆ ಹಾಕುವ ಕಿರುಬೆರಳ ಉಗುರಿನಷ್ಟುದ್ದದ ಕೊಳವೆಗಳು, ನೇಪಲ್ಸಿನವರೆಗೂ ಹೆಸರಾಗಿದ್ದವು. ಮಹಡಿಯ ಮೇಲೆ ಕಿಟಕಿ ತೆರೆದಿಟ್ಟು ದಿನಗಟ್ಟಲೆ ಒಣಗಿಸುತ್ತಿದ್ದರು. ಭೂಕಂಪದಲ್ಲಿ ಆ ಮಹಡಿ ಬಿರುಕು ಬಿಟ್ಟಿತು. ಅನಿಯೆಲ್ಲೊ ಕೆಳಗಿನ ಕೋಣೆಗೆ ಬಿಸಿಗಾಳಿಯ ಯಂತ್ರ ತಂದ. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯತೊಡಗಿತು. ಅವಸರದಲ್ಲಿ ಒಣಗಿದ ಪಾಸ್ತಾ ಒಳಗೊಳಗೇ ಸೀಳು ಬಿಡುತ್ತದೆ. ನೀರಿಗೆ ಬಿದ್ದರೆ ಆ ಸೀಳು ಬಾಯ್ತೆರೆಯುತ್ತದೆ, ಪಾತ್ರೆಯ ತುಂಬ ಗಂಜಿ.

ಬೆಂದ ಮೇಲೂ ಕೊಳವೆ ಕೊಳವೆಯಾಗಿಯೇ ಉಳಿದರೆ ನಾವು 'ನಿಂತಿದೆ' ಎನ್ನುತ್ತೇವೆ. ಅನಿಯೆಲ್ಲೊನ ತುಬೆತ್ತಿ ನಿಲ್ಲುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿದವಳು ನಾನೊಬ್ಬಳು. ಗೆರಾರ್ದೊನ ಅಂಗಡಿಯಲ್ಲಿ "ನಂಗೆ ಕಣಿವೆ ಗಿರಣಿಯವರದ್ದು ಕೊಡಪ್ಪ, ಅನಿಯೆಲ್ಲೊಂದು ಅಂಟು, ಗೋಡೆಗೆ ಕಾಗದ ಅಂಟಿಸಬಹುದು" ಅಂದೆ. ಹಿಂದೆ ವಿಚೆಂಜಾ ನಿಂತಿದ್ದಳು. ಕೈಯಲ್ಲಿದ್ದ ಚೀಲವನ್ನು ನೆಲದ ಮೇಲಿಟ್ಟು ಅಂಗಡಿಯಿಂದ ಹೊರಗೆ ನಡೆದವಳು ಮತ್ತೆ ನನ್ನತ್ತ ತಿರುಗಿ ನೋಡಲಿಲ್ಲ. ಅನಿಯೆಲ್ಲೊ ಮಾತ್ರ ಬೀದಿಯ ಆಚೆಯಿಂದ ನನಗೆ ಟೋಪಿ ಎತ್ತುತ್ತಿದ್ದ. ಎತ್ತಿ, ಹೆಂಡತಿ ನೋಡಿದಳೇನೋ ಎಂದು ಹಿಂದೆ ತಿರುಗುತ್ತಿದ್ದ. ನಾನು ಹೇಳಿದ್ದು ಸುಳ್ಳಲ್ಲ, ಇಂದಿಗೂ ಸುಳ್ಳಲ್ಲ. ಆದರೆ ವಿಚೆಂಜಾ ಇಲ್ಲದೆ ನನ್ನ ಮಧ್ಯಾಹ್ನಗಳು ಹಾಳು ಬಿದ್ದಿದ್ದವು. ಕಾಫಿ ಕುಡಿಯುವಾಗ ಬೈಯಲು ಒಬ್ಬಳಾದರೂ ಬೇಕಲ್ಲ.

ನನ್ನ ಗಂಡ ಸಬಾತಿನೊ ಕೆಲಸದಿಂದ ಬಂದಾಗ ನಾನು ಇನ್ನೂ ಅಡುಗೆಮನೆಯಲ್ಲೇ ಕೂತಿದ್ದೆ.

"ಏನು ಒಯ್ತೀಯ?" ಅಂದ.

"ಕೋಳಿ ಸಾರಿನಲ್ಲಿ ತುಬೆತ್ತಿ. ಬೇರೆ ಏನು ಒಯ್ಯಲಿ? ದುಃಖದಲ್ಲಿರೋರಿಗೆ ಅಗಿಯೋದು ಕೊಡಬಾರದು, ಚಮಚದಲ್ಲಿ ಇಳೀಬೇಕು."

"ಹಾಗಾದ್ರೆ ಕಣಿವೆಯವರದ್ದು ಹಾಕು. ಸಾರಲ್ಲಿ ಮುಳುಗಿರೋದು ಯಾರದ್ದು ಅಂತ ಯಾರು ನೋಡ್ತಾರೆ?"

"ವಿಚೆಂಜಾ ನೋಡ್ತಾಳೆ. ಮದುವೆಯಾಗಿ ಬಂದಾಗಿನಿಂದ ಅದೇ ತುಬೆತ್ತೀನ ಪೊಟ್ಟಣ ಕಟ್ಟಿದ್ದಾಳೆ ಅವಳು. ಕಣ್ಣು ಮುಚ್ಚಿ ಬೆರಳಲ್ಲಿ ಹಿಡಿದು ಹೇಳ್ತಾಳೆ. ಗಂಡ ಸತ್ತಾಗ ಅವನ ಮನೆಗೆ ಕಣಿವೆಯವರ ಪಾಸ್ತಾ ಒಯ್ಯಲಾ? ಪಾತ್ರೆ ನನ್ನ ತಲೆ ಮೇಲೇ ಬೋರಲು ಹಾಕ್ತಾಳೆ."

"ಹಾಗಾದ್ರೆ ಅನಿಯೆಲ್ಲೊಂದೇ ಹಾಕು."

"ಹಾಕಿದ್ರೆ ಅಲ್ಲಿಗೆ ಹೋಗೋಷ್ಟರಲ್ಲಿ ಗಂಜಿ. ಊರ ಹೆಂಗಸರೆಲ್ಲ ಕೂತಿರ್ತಾರೆ. ಅಂಟು ಅಂತ ಬಾಯಲ್ಲಿ ಹೇಳಿದ್ದು ಸಾಲದೆ ಪಾತ್ರೇಲಿ ತುಂಬಿಸ್ಕೊಂಡು ತೋರಿಸೋಕೆ ಬಂದಳು ಅಂತಾರೆ. ಅವನನ್ನ ಮಣ್ಣು ಮಾಡಿದ ದಿನವೇ."

ಸಬಾತಿನೊ ಗಡ್ಡ ಕೆರೆದುಕೊಂಡ. "ಸಾರು ಬೇರೆ, ಪಾಸ್ತಾ ಬೇರೆ ಒಯ್ದು ಅಲ್ಲೇ ಬೇಯಿಸು."

"ಸಾವಿನ ಮನೇಲಿ ಒಲೆ ಹಚ್ಚು ಅಂತೀಯ! ನಿಮ್ಮಮ್ಮ ಕೇಳಿಸ್ಕೊಂಡಿದ್ರೆ ಗೋರಿಯಿಂದ ಎದ್ದು ಬರ್ತಿದ್ರು."

"ಅಕ್ಕಿ ಹಾಕು, ಬಿಡು."

"ಪಾಸ್ತಾ ಮಾಡೋನ ಸಾವಿಗೆ ಅಕ್ಕಿನಾ? ನಾವೇನು ಅನ್ನ ತಿನ್ನೋ ಮಿಲಾನಿನವರಾ?"

ಅವನು ಕೈ ಚೆಲ್ಲಿ ಹೊರಗೆ ಹೋದ. ಗಂಡಸರ ಬುದ್ಧಿ ಅಲ್ಲಿಗೆ ಮುಗಿಯುತ್ತದೆ. ನಾನು ಶಾಲು ಹೊದ್ದು ಅಂಗಡಿಗೆ ಹೊರಟೆ. ಹಾಕುವುದಾದರೆ ಅನಿಯೆಲ್ಲೊನದ್ದೇ ಎಂದು ದಾರಿಯಲ್ಲಿ ನಿಶ್ಚಯಿಸಿದ್ದೆ. ಅವನದ್ದರಲ್ಲೇ ಒಳ್ಳೆಯದು ಯಾವುದೋ ಅದನ್ನು ಹುಡುಕಿ ತೆಗೆಯಬೇಕಿತ್ತು.

ಗೆರಾರ್ದೊನ ಅಂಗಡಿ ತುಂಬಿತ್ತು. ಸಾವಾದ ದಿನ ಎಲ್ಲರಿಗೂ ಏನಾದರೂ ಕೊಳ್ಳುವುದು ನೆನಪಾಗುತ್ತದೆ. ನಾನು ಹೊಸ್ತಿಲು ದಾಟಿದ ಕೂಡಲೇ ಮಾತು ನಿಂತಿತು. ಒಂದು ಹಲಗೆಯ ಮೇಲೆ ಕಣಿವೆಯವರ ಹಳದಿ ಪೊಟ್ಟಣ, ಕೆಳಗಿನ ಹಲಗೆಯಲ್ಲಿ ಅನಿಯೆಲ್ಲೊನ ನೀಲಿ ಕಾಗದದ ಪೊಟ್ಟಣ. ನನ್ನ ಕೈ ಯಾವುದಕ್ಕೆ ಹೋಗುತ್ತದೆ ಎಂದು ಎಲ್ಲರ ಕಣ್ಣುಗಳೂ ಕಾಯುತ್ತಿದ್ದವು.

"ಅನಿಯೆಲ್ಲೊನ ತುಬೆತ್ತಿ ಕೊಡು" ಅಂದೆ. "ಇರೋದನ್ನೆಲ್ಲ ಇಳಿಸು. ಆರಿಸ್ಕೋಬೇಕು."

"ಆರಿಸೋದೇನಿದೆ? ಎಲ್ಲಾ ಒಂದೇ" ಅಂದ ಗೆರಾರ್ದೊ.

"ಒಂದೇ ಆಗಿದ್ರೆ ನೀನು ನಿನ್ನ ಮನೆಗೆ ಯಾವುದು ಒಯ್ತೀಯ ಹೇಳು."

ಅವನು ಪೊಟ್ಟಣಗಳನ್ನು ಇಳಿಸಿದ. ಮೊದಲು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳ್ಳೆಯ ಪಾಸ್ತಾ ಬಳಪದ ಚೂರುಗಳ ಹಾಗೆ ಗಟ್ಟಿ ಸದ್ದು ಮಾಡುತ್ತದೆ. ಸೀಳಿದ್ದು ಪುಡಿಯ ಜೊತೆ ಸರಸರ ಎನ್ನುತ್ತದೆ. ಸರಸರ ಎಂದವನ್ನು ಬದಿಗಿಟ್ಟೆ. ಉಳಿದವನ್ನು ಬಾಗಿಲ ಬೆಳಕಿಗೆ ಒಯ್ದು, ತುದಿ ಬಿಚ್ಚಿ, ಅಂಗೈಗೆ ಸ್ವಲ್ಪ ಸುರಿದುಕೊಂಡೆ. ಬಣ್ಣ ಹಳೇ ದಂತದ ಹಾಗೆ ಮಂಕಾಗಿರಬೇಕು, ಮೈ ಹಿಟ್ಟು ಅಂಟಿದಂತೆ ಒರಟಾಗಿರಬೇಕು. ಗಾಜಿನ ಹಾಗೆ ಹೊಳೆದರೆ ಸಾರು ಜಾರಿಹೋಗುತ್ತದೆ. ಮೈಮೇಲೆ ಬಿಳಿ ಚುಕ್ಕೆ, ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಕತೆ ಮುಗಿಯಿತು, ಅಲ್ಲೇ ಸೀಳುವುದು. ಅನಿಯೆಲ್ಲೊನ ತುಬೆತ್ತಿಯ ಮೈಯೆಲ್ಲ ಆ ಗೆರೆ.

"ಏನು ಲಿಬೆರಾ, ಇವತ್ತು ಕಣಿವೆಯವರದ್ದು ಬೇಡ್ವಾ?"

ಆ ದನಿ ಕೇಳಿ ಅಂಗೈಯಲ್ಲಿದ್ದ ತುಬೆತ್ತಿ ಚೆಲ್ಲಿತು. ಅನಿಯೆಲ್ಲೊನ ಅಕ್ಕ ಬ್ರಿಜಿದಾ, ಆಗಲೇ ಕಪ್ಪು ಉಟ್ಟು, ಮೇಣದ ಬತ್ತಿಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಮದುವೆಯಾಗದ ಹೆಂಗಸು. ಜೀವಮಾನವಿಡೀ ತಮ್ಮನ ಮನೆಯ ಬಾಗಿಲು ಕಾದವಳು.

"ಬ್ರಿಜಿದಾ, ನಿನ್ನ ದುಃಖ ನಂದೂ ಹೌದು" ಅಂದೆ.

"ಹಾಗಂತ ನನ್ನ ತಮ್ಮನ ಪಾಸ್ತಾನ ನಡುಬೀದೀಲಿ ಬೆಳಕಿಗೆ ಹಿಡಿದು ನೋಡ್ತಿದ್ದೀಯ? ಇನ್ನೂ ಮಣ್ಣಿಗೆ ಇಟ್ಟಿಲ್ಲ ಅವನನ್ನ."

"ಅವನ ಮನೆಗೇ ಒಯ್ಯೋದಕ್ಕೆ ಆರಿಸ್ತಿದ್ದೀನಿ."

ಅವಳು ನನ್ನ ಹತ್ತಿರ ಬಂದಳು. ಉಸಿರಿನಲ್ಲಿ ಕಾಫಿಯ ಕಹಿ ಇತ್ತು. "ಒಯ್ಯಿ. ನಾಳೆ ಬಾಗಿಲಲ್ಲಿ ನಾನೇ ಇರ್ತೀನಿ."

ಅವಳು ಹೋದ ಮೇಲೂ ನಾನು ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಹಲಗೆಯ ಮೂಲೆಯಲ್ಲಿ ಒಂದು ಸಿಕ್ಕಿತು, ಸ್ವಲ್ಪ ಮಂಕು ಬಣ್ಣದ್ದು, ಗೆರೆ ಕಡಿಮೆ ಇದ್ದದ್ದು. ಯಂತ್ರ ಕೆಟ್ಟು ನಿಧಾನಕ್ಕೆ ಒಣಗಿದ ದಿನದ್ದೋ, ಯಂತ್ರದ ಬಿಸಿ ತಲುಪದ ತಟ್ಟೆಯದ್ದೋ ಇರಬೇಕು. ಹಲ್ಲಲ್ಲಿ ಕಚ್ಚಿದೆ, ಟಕ್ಕೆಂದು ಮುರಿಯಿತು. ಅಗಿದೆ, ಗೋಧಿಯ ಸಿಹಿ ಬಂತು. ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಸಂಜೆಯೆಲ್ಲ ಬಿಳಿ ತಟ್ಟೆಯ ಮೇಲೆ ಸುರಿದು, ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ, ಸೀಳು ಕಂಡ ಕೊಳವೆಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಸಬಾತಿನೊ ಬಗ್ಗಿ ನೋಡಿ, "ನನ್ನ ಮದುವೆಯಾಗುವಾಗ ಇಷ್ಟು ಆರಿಸಿದ್ಯಾ?" ಅಂದ. "ಆರಿಸಿದ್ರೆ ನೀನಿರ್ತಿದ್ಯಾ ಇಲ್ಲಿ?" ಅಂದೆ. ಉಳಿದದ್ದರಲ್ಲಿ ಒಂದು ಹಿಡಿ ಬೇಯಿಸಿ ನೋಡಿದೆ. ಮೊದಲು ಚೆನ್ನಾಗಿ ಕುದಿಯಿತು, ನನಗೆ ಆಸೆ ಹುಟ್ಟಿತು. ಬೆಂದಿತು ಎನ್ನುವ ಹೊತ್ತಿಗೆ ಒಂದು ಕೊಳವೆಯ ಬೆನ್ನು ಸೀಳಿತು, ಅದರ ಹಿಂದೆ ಇನ್ನೊಂದು. ಬೆಂದದ್ದಕ್ಕೂ ಕೆಟ್ಟದ್ದಕ್ಕೂ ನಡುವೆ ಅದಕ್ಕೆ ಬಿಡುವೇ ಇರಲಿಲ್ಲ.

ಆಗ ಹೊಳೆದದ್ದು ಇದು. ನಮ್ಮ ಮನೆಯಿಂದ ಅವಳ ಮನೆಗೆ ಏರು ದಾರಿ, ನಲ್ಲಿಕಟ್ಟೆ, ಚರ್ಚು ದಾಟಿ ಮೇಲಿನ ಓಣಿ. ಜಪಮಾಲೆಯ ಒಂದು ಸುತ್ತು ಹೇಳುವಷ್ಟರಲ್ಲಿ ತಲುಪುತ್ತೇನೆ. ತುಬೆತ್ತಿಯನ್ನು ಅರ್ಧ ಹಸಿ ಇರುವಾಗಲೇ ಒಲೆಯಿಂದ ಇಳಿಸಿ, ಪಾತ್ರೆಗೆ ಉಣ್ಣೆಯ ಶಾಲು ಸುತ್ತಿದರೆ ಉಳಿದ ಅರ್ಧ ದಾರಿಯಲ್ಲೇ ಬೇಯುತ್ತದೆ. ಬಾಗಿಲು ತೆರೆದ ಕೂಡಲೇ ಬಡಿಸಿದರೆ ನಿಂತಿರುತ್ತದೆ. ಎಲ್ಲೂ ನಿಲ್ಲಬಾರದು, ಯಾರ ಜೊತೆಯೂ ಮಾತಾಡಬಾರದು, ಬಾಗಿಲಲ್ಲಿ ಕಾಯಬಾರದು. ಅಷ್ಟಾದರೆ ಊರ ಹೆಂಗಸರ ಮುಂದೆ, ಒಂದೇ ಒಂದು ಸಲ, ಅನಿಯೆಲ್ಲೊನ ತುಬೆತ್ತಿ ನಿಲ್ಲುತ್ತದೆ.

ಮರುದಿನ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ವಿಚೆಂಜಾ ನನ್ನ ಪಕ್ಕದಲ್ಲೇ ಹಾದುಹೋದಳು. ನಾನು ಕಂಬವೇನೋ ಎಂಬಂತೆ ನೋಡಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ, ಒಂದೇ ದಿನದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಸ್ಮಶಾನದ ಗೇಟಿನಲ್ಲಿ ಎರ್ಸಿಲಿಯಾ ಓಡಿಬಂದು ನನ್ನ ಕೈ ಹಿಡಿದಳು.

"ಕುಮ್ಮಾ, ಅಮ್ಮ ನಿನ್ನೆಯಿಂದ ನೀರೂ ಮುಟ್ಟಿಲ್ಲ. ಅಳ್ತಾನೂ ಇಲ್ಲ. ನಂಗೆ ಹೆದರಿಕೆ ಆಗ್ತಿದೆ. ನೀನು ಬರ್ತೀಯಲ್ಲ?"

"ಬರ್ತೀನಿ. ಬಾಗಿಲು ತೆಗೀತಾಳಾ?"

"ಗೊತ್ತಿಲ್ಲ. ನೀನು ಬಾ ಅಷ್ಟೆ."

ಮನೆಗೆ ಬಂದು ಕೋಳಿ ಸಾರನ್ನು ಕುದಿಸಿದೆ, ಶೋಧಿಸಿ ತಿಳಿ ಮಾಡಿದೆ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ತುಬೆತ್ತಿ ಸುರಿದು ಜಪಮಾಲೆ ಕೈಗೆತ್ತಿಕೊಂಡೆ. ಗಡಿಯಾರದ ಮೇಲೆ ನನಗೆ ನಂಬಿಕೆ ಇಲ್ಲ. ಅರ್ಧ ಸುತ್ತಿಗೆ ಒಂದನ್ನು ತೆಗೆದು ಕಚ್ಚಿದೆ, ನಡುವೆ ಹಸಿ ಹಿಟ್ಟಿನ ಬಿಳಿ ಉಂಗುರ ಕಂಡಿತು. ಇಳಿಸಿದೆ, ಮುಚ್ಚಿದೆ, ಶಾಲು ಸುತ್ತಿ ಗಂಟು ಹಾಕಿದೆ, ಹೊರಟೆ.

ನಲ್ಲಿಕಟ್ಟೆಯವರೆಗೆ ಯಾರೂ ಸಿಗಲಿಲ್ಲ. ಚರ್ಚಿನ ಮುಂದೆ ಹೂವಿನ ಗಾಡಿಯವನು "ದೊನ್ನಾ ಲಿಬೆರಾ, ಎಂಥ ಒಳ್ಳೆ ಮನುಷ್ಯ..." ಎಂದು ಟೋಪಿ ತೆಗೆದ. "ಒಳ್ಳೆಯವನು, ಒಳ್ಳೆಯವನು" ಎನ್ನುತ್ತಾ ನಿಲ್ಲದೆ ನಡೆದೆ. ಹಿಂದಿನಿಂದ ಅವನು ಏನೋ ಅಂದುಕೊಂಡಿರಬೇಕು. ಪಾತ್ರೆಯ ಬಿಸಿ ಶಾಲಿನಾಚೆಗೂ ಹೊಟ್ಟೆಗೆ ತಗಲುತ್ತಿತ್ತು. ಪಾತ್ರೆಯೊಳಗೆ ಆ ಬಿಳಿ ಉಂಗುರ ಸಣ್ಣದಾಗುತ್ತಿದೆ ಎಂದು ನನಗೆ ಕಣ್ಣಾರೆ ಕಂಡಷ್ಟು ಖಚಿತವಾಗಿ ಗೊತ್ತಾಗುತ್ತಿತ್ತು. ಮೇಲಿನ ಓಣಿ ಹತ್ತುವಾಗ ಏದುಸಿರು ಬಂತು. ಆದರೂ ಜಪಮಾಲೆಯ ಸುತ್ತು ಮುಗಿಯುವ ಮೊದಲೇ ವಿಚೆಂಜಾಳ ಬಾಗಿಲ ಮುಂದೆ ಇದ್ದೆ. ಈಗ ಬಾಗಿಲು ತೆರೆದರೆ ಸಾಕಿತ್ತು.

ಬಾಗಿಲ ಒಂದು ರೆಕ್ಕೆ ಮುಚ್ಚಿತ್ತು, ಅದರ ಮೇಲೆ ಸಾವಿನ ಸುದ್ದಿ ಸಾರುವ ಕಪ್ಪು ಅಂಚಿನ ಕಾಗದ. ತೆರೆದ ರೆಕ್ಕೆಯ ಜಾಗದಲ್ಲಿ ಬ್ರಿಜಿದಾ ನಿಂತಿದ್ದಳು.

"ಕೇಳಿ ಬರ್ತೀನಿ" ಅಂದಳು.

"ಕೇಳೋದೇನು ಬ್ರಿಜಿದಾ? ಮೊದಲ ಪಾತ್ರೆ. ಬಿಸಿ ಇದೆ."

"ಬಿಸಿ ಇದ್ರೆ ಆರುತ್ತೆ." ಅವಳು ಒಳಗೆ ಹೋಗಿ ಆ ರೆಕ್ಕೆಯನ್ನೂ ಎಳೆದುಕೊಂಡಳು.

ಕಾದೆ. ಎದುರು ಮನೆಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಒಳಗಿನಿಂದ ಪಾದ್ರಿಯ ದನಿ ಕೇಳಿಸಿತು, ಅದರ ಹಿಂದೆ ಹೆಂಗಸರ ದನಿ. ಜಪಮಾಲೆ ಶುರುವಾಗಿತ್ತು. ಜಪ ಶುರುವಾದ ಮೇಲೆ ಮುಗಿಯುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಬ್ರಿಜಿದಾಗೆ ಅದು ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಹೊರಗೆ ನಿಲ್ಲಿಸಿದ್ದಳು.

ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಶಾಲು ಬಿಚ್ಚಿದೆ, ಕಲ್ಲಿನ ತಂಪಾದರೂ ತಗಲಲಿ ಎಂದು. ಮುಚ್ಚಳ ತೆಗೆದು ಆವಿ ಬಿಟ್ಟರೆ ಅರ್ಧ ಉಳಿಯುತ್ತಿತ್ತು. ಆದರೆ ಸಾವಿನ ಮನೆಗೆ ತಂದ ಪಾತ್ರೆಯ ಮುಚ್ಚಳವನ್ನು ಬೀದಿಯಲ್ಲಿ ತೆಗೆಯುವ ಹಾಗಿಲ್ಲ ಎಂದು ನನ್ನ ಅತ್ತೆ ಕಲಿಸಿದ್ದರು. ಕಿಟಕಿಯ ತಲೆಗಳು ನೋಡುತ್ತಿದ್ದವು. ಕೈ ಮುಚ್ಚಳದ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.

"ಯಾವ ಪಾಸ್ತಾ ಹಾಕಿದ್ದಾಳೆ?" ಒಂದು ಕಿಟಕಿ ಇನ್ನೊಂದು ಕಿಟಕಿಯನ್ನು ಕೇಳಿತು.

"ನೀಲಿ ಕಾಗದದ್ದೇ ಅಂತೆ. ಗೆರಾರ್ದೊ ಹೇಳ್ತಿದ್ದ."

"ಅಯ್ಯೋ ಪಾಪ. ಇಷ್ಟು ಹೊತ್ತಿಗೆ ಚಮಚ ಊರಿದ್ರೆ ಬೀಳದೆ ನಿಲ್ಲುತ್ತೆ."

ನಾನು ತಲೆ ಎತ್ತಿ ಅವರಿಬ್ಬರಿಗೂ ಸರಿಯಾಗಿ ಹೇಳಬೇಕೆಂದಿದ್ದೆ, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಳಗೆ ಜಪ ಎಳೆಯುತ್ತಲೇ ಇತ್ತು. ಪಾತ್ರೆಯ ಮೈ ಮುಟ್ಟಿದೆ, ಇನ್ನೂ ಸುಡುತ್ತಿತ್ತು. ಬಿಳಿ ಉಂಗುರ ಎಂದೋ ಕರಗಿರಬೇಕು. ಈಗ ಬೆನ್ನು ಸೀಳುತ್ತಿರಬೇಕು. ಮನೆಗೆ ತಿರುಗಿ ಹೋಗಿ ನಾಳೆ ಬರೋಣವೇ ಎಂದು ಒಂದು ಕ್ಷಣ ಅನಿಸಿತು. ನಾಳೆ ತಂದರೆ ಅದು ಮೊದಲ ಪಾತ್ರೆಯಲ್ಲ. ಮೂರು ವರ್ಷ ಅವಳ ಮೌನ ಸಹಿಸಿದವಳಿಗೆ ಇನ್ನು ಜೀವಮಾನದ ಮೌನ ಸಹಿಸುವ ಶಕ್ತಿ ಇಲ್ಲವೆಂದು ಆ ಮೆಟ್ಟಿಲ ಮೇಲೆ ನನಗೆ ಖಚಿತವಾಯಿತು. ನಿಂತೇ ಇದ್ದೆ.

ಬಾಗಿಲು ತೆರೆದದ್ದು ಎರ್ಸಿಲಿಯಾ. ಅವಳ ಮುಖ ಕೆಂಪಾಗಿತ್ತು. "ಒಳಗೆ ಬಾ ಕುಮ್ಮಾ. ನೀನು ಬಂದಿದ್ದೀಯ ಅಂತ ನಂಗೆ ಯಾರೂ ಹೇಳಲಿಲ್ಲ."

ಗೋಡೆಯುದ್ದಕ್ಕೂ ಕಪ್ಪುಡುಗೆಯ ಹೆಂಗಸರು ಕೂತಿದ್ದರು. ವಿಚೆಂಜಾ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಳು. ನಾನು ಪಾತ್ರೆಯನ್ನು ಅವಳೆದುರು ಇಟ್ಟೆ. ಅವಳು ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ. ಬ್ರಿಜಿದಾ ಮುಂದೆ ಬಂದು ಮುಚ್ಚಳ ತೆಗೆದಳು.

ಸಾರು ಕಾಣಿಸಲಿಲ್ಲ. ಎಲ್ಲವನ್ನೂ ಕುಡಿದು ತುಬೆತ್ತಿ ಊದಿಕೊಂಡಿತ್ತು. ಸೀಳಿ, ಮಡಚಿ, ಒಂದರ ಮೇಲೊಂದು ಒರಗಿ ಬಿಳಿ ಮುದ್ದೆಯಾಗಿತ್ತು.

"ದೇವರೇ, ಇದೇನಿದು?" ಅಂದಳು ಬ್ರಿಜಿದಾ, ಎಲ್ಲರಿಗೂ ಕೇಳುವ ಹಾಗೆ. "ನನ್ನ ತಮ್ಮನನ್ನ ಆಡ್ಕೊಳ್ಳೋಕೆ ಇಲ್ಲೀವರೆಗೂ ಹೊತ್ಕೊಂಡು ಬಂದ್ಯಾ?"

ನಿನ್ನಿಂದಲೇ ಆದದ್ದು ಎಂದು ಕಿರುಚಬೇಕೆನಿಸಿತು. ಅಷ್ಟರಲ್ಲಿ ವಿಚೆಂಜಾ ಕೈ ಎತ್ತಿ ಬ್ರಿಜಿದಾಳನ್ನು ಸುಮ್ಮನಾಗಿಸಿದಳು. ಚಮಚ ತೆಗೆದುಕೊಂಡು, ಮುದ್ದೆಯ ಅಂಚಿನಿಂದ ಇನ್ನೂ ಆಕಾರ ಉಳಿದಿದ್ದ ಒಂದು ಕೊಳವೆಯನ್ನು ಬಿಡಿಸಿದಳು. ಎರಡು ಬೆರಳಲ್ಲಿ ಹಿಡಿದು ಅದರ ಬಾಯನ್ನು ನೋಡಿದಳು.

"ನಮ್ಮದು" ಅಂದಳು.

ಅದನ್ನು ಬಾಯಿಗಿಟ್ಟಳು. ಆಮೇಲೆ ಒಂದು ಚಮಚ ತುಂಬಿ ತಿಂದಳು. ಅವಳ ದವಡೆ ಅಲುಗಲೇ ಇಲ್ಲ, ಹಲ್ಲಿಗೆ ಅಲ್ಲಿ ಕೆಲಸವೇ ಇರಲಿಲ್ಲ. ನಿನ್ನೆಯಿಂದ ಅವಳ ಗಂಟಲಿಳಿದ ಮೊದಲ ತುತ್ತು ಅದು. ಎರ್ಸಿಲಿಯಾ ಬಾಯಿಗೆ ಕರವಸ್ತ್ರ ಹಿಡಿದುಕೊಂಡಳು.

"ಲಿಬೆರಾ" ಅಂದಳು ವಿಚೆಂಜಾ.

ಮೂರು ವರ್ಷದ ಮೇಲೆ ನನ್ನ ಹೆಸರು ಅವಳ ಬಾಯಲ್ಲಿ.

"ಪಾಸ್ತಾ ವಿಷಯದಲ್ಲಿ ನೀನು ಯಾರ ಮುಲಾಜೂ ನೋಡೋಳಲ್ಲ. ಇಲ್ಲಿ ಎಲ್ಲರೂ ಇದ್ದಾರೆ. ಅವತ್ತು ಅಂಗಡೀಲಿ ಇದ್ದೋರೂ ಇದ್ದಾರೆ." ಚಮಚವನ್ನು ನನ್ನತ್ತ ಚಾಚಿದಳು. "ತಿಂದು ಹೇಳು. ನಿಂತಿದೆಯಾ?"

ನಾನು ಚಮಚ ತೆಗೆದುಕೊಂಡೆ, ತಿಂದೆ. ಅದು ಅಂಗುಳಿಗೆ ಮೆತ್ತಿಕೊಂಡಿತು. ಪಾಸ್ತಾದ ಬಗ್ಗೆ ನಾನು ಈವರೆಗೆ ಸುಳ್ಳು ಹೇಳಿದವಳಲ್ಲ, ನನ್ನ ಅತ್ತೆಯ ಮುಂದೂ ಹೇಳಿದವಳಲ್ಲ, ಪಾದ್ರಿಯ ಮನೆಯ ಊಟದಲ್ಲೂ ಹೇಳಿದವಳಲ್ಲ. ನಿಂತಿಲ್ಲ ಎಂದರೆ ಅನಿಯೆಲ್ಲೊನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗೆ. ನಿಂತಿದೆ ಎಂದರೆ ಅವಳ ಕಣ್ಣೆದುರೇ ಅವಳನ್ನು ಮರುಳು ಮಾಡಿದ ಹಾಗೆ. ಯಾವ ಮಾತಿಗೆ ಅವಳು ಬಾಗಿಲು ತೋರಿಸುತ್ತಾಳೋ ನನಗೆ ತಿಳಿಯಲಿಲ್ಲ.

"ನಿಂತಿದೆ, ಕುಮ್ಮಾ" ಅಂದೆ.

ಯಾರೋ ಕೆಮ್ಮಿದರು. ವಿಚೆಂಜಾಳ ಕಣ್ಣು ನನ್ನ ಮುಖದಿಂದ ಅಲುಗಲಿಲ್ಲ.

"ಸುಳ್ಳು ಹೇಳ್ತಿದ್ದೀಯ."

"ಇಲ್ಲ."

"ನಾನೂ ತಿಂದೆ ಕಣೇ. ನಾಲಗೆ ಮೇಲೇ ಕರಗಿಹೋಯ್ತು. ಅಂಟು ಇದು. ನೀನೇ ಹೇಳಿದ್ದೆಯಲ್ಲ, ಅಂಟು."

"ನಿಂತಿದೆ ಅಂತ ಹೇಳಿದ್ನಲ್ಲ!" ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಏರಿತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಅನಿಯೆಲ್ಲೊ ಮಾಡಿದ್ದು ನಿಂತಿದೆ. ನನ್ನ ಬಾಯಿ ನಂಗೆ ಗೊತ್ತಿಲ್ವಾ? ನೀನು ಯಾರು ಹೇಳೋಕೆ?"

ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

"ಹಾಗಾದ್ರೆ ಕೂತ್ಕೊಂಡು ತಿನ್ನು" ಅಂದಳು. "ಒಬ್ಬಳೇ ಇಷ್ಟು ತಿನ್ನೋಕೆ ನನ್ನ ಕೈಲಾಗಲ್ಲ."

ಬ್ರಿಜಿದಾ ತಟ್ಟೆ ತರಲು ಹೊರಟಳು. ವಿಚೆಂಜಾ ಬೇಡವೆಂದು ತಲೆಯಾಡಿಸಿ, ಎರ್ಸಿಲಿಯಾಳಿಂದ ಇನ್ನೊಂದು ಚಮಚ ತರಿಸಿದಳು. ಹೆಂಗಸರೆಲ್ಲ ನೋಡುತ್ತಿದ್ದಂತೆ ನಾವಿಬ್ಬರೂ ಒಂದೇ ಪಾತ್ರೆಯಿಂದ ತಿಂದೆವು. ಆರಿಹೋದ ಆ ಅಂಟು ಮುದ್ದೆಯನ್ನು ಚಮಚ ಚಮಚವಾಗಿ ತಿಂದೆವು. ಪಾತ್ರೆಯ ತಳ ಕಂಡಾಗ ಅವಳು ಚಮಚ ಕೆಳಗಿಟ್ಟು, ನನ್ನ ಹೆಗಲಿಗೆ ತಲೆ ಕೊಟ್ಟು ಅತ್ತಳು.